ತಿಳಿ ಹಸಿರು ಗೋಡೆ: ಶೇಡ್ ಕಾರ್ಡ್ ಹೇಳದ ಲೆಕ್ಕ

ಹೋದ ಬೇಸಿಗೆಯಲ್ಲಿ ತಿಪಟೂರಿನ ಹತ್ತಿರ ಇರೋ ನಮ್ಮ ಅಜ್ಜಿ ಮನೆಗೆ ಬಣ್ಣ ಹೊಡೆಸಿದ್ವಿ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗೋದಿತ್ತು. ಆಮೇಲೆ ಮನೆಯಲ್ಲಿ ಧೂಳು, ಪೇಂಟ್ ವಾಸನೆ ಇರಬಾರದು, ಅದಕ್ಕೆ ಮುಂಚೆಯೇ ಕೆಲಸ ಮುಗಿಸಿಬಿಡೋಣ ಅಂತ ಅಪ್ಪ ತೀರ್ಮಾನ ಮಾಡಿದ್ರು. ನಿನ್ನ ಕೋಣೆಗೆ ಯಾವ ಬಣ್ಣ ಬೇಕು ಅಂತ ಕೇಳಿದ್ರೆ ಅಜ್ಜಿ ಹೇಳಿದ್ದು ಒಂದೇ ಮಾತು: "ಬಾಳೆ ಸುಳಿ ಬಣ್ಣ." ಬಾಳೆ ಗಿಡದ ನಡುವಿನಿಂದ ಸುರುಳಿ ಸುತ್ತಿಕೊಂಡು ಹೊಸ ಎಲೆ ಬರುತ್ತಲ್ಲ, ಇನ್ನೂ ಬಿಚ್ಚಿಕೊಳ್ಳದೇ ಇರೋದು, ಆ ಹಸಿರು. ಮನೆಯಲ್ಲಿ ಎಂಜಿನಿಯರಿಂಗ್ ಓದ್ತಿರೋನು ನಾನೊಬ್ಬನೇ ಆದ್ದರಿಂದ ಶೇಡ್ ಆರಿಸೋ ಕೆಲಸ ನನ್ನ ತಲೆಗೆ ಬಂತು. ನಾನು ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಮೊಬೈಲ್‌ನಲ್ಲಿ ಒಂದು ಶೇಡ್ ನೋಡಿ, ಅದರ ಕೋಡ್ ನಂಬರನ್ನ ಅಪ್ಪನಿಗೆ ವಾಟ್ಸಾಪ್ ಮಾಡಿದೆ.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಎರಡು ಕೋಟ್ ಆಗಿ ಒಣಗಿತ್ತು. ಬಾಗಿಲಲ್ಲೇ ಅಮ್ಮ ಅಂದ್ರು: "ಇದೇನೋ, ಹೆರಿಗೆ ವಾರ್ಡ್ ಇದ್ದಂಗಿದೆ." ಅಜ್ಜಿ ಮಾತ್ರ ಮಂಚದ ಮೇಲೆ ಕೂತು ಗೋಡೆ ನೋಡಿ, "ಹಸಿರು ಸಿಗಲಿಲ್ವೇನಪ್ಪ? ಇರಲಿ ಬಿಡು, ಬಿಳೀನೂ ಚೆನ್ನಾಗಿದೆ" ಅಂದ್ರು.

ಒಂದೇ ಗೋಡೆ. ಒಬ್ಬರಿಗೆ ಆಸ್ಪತ್ರೆ ಹಸಿರು, ಇನ್ನೊಬ್ಬರಿಗೆ ಬಿಳಿ. ನನ್ನ ಮೊಬೈಲ್‌ನಲ್ಲಿ ಅದು ಬಾಳೆ ಸುಳಿ. ಮೂವರಲ್ಲಿ ಯಾರೂ ಸುಳ್ಳು ಹೇಳ್ತಿರಲಿಲ್ಲ. ಅದು ಹೇಗೆ ಅಂತ ಹುಡುಕೋಕೆ ಹೋಗಿ ನಾನು ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಗೋ, ಬಾಡಿಗೆ ರೂಮಿಗೋ ತಿಳಿ ಹಸಿರು ಹೊಡೆಸೋ ಯೋಚನೆ ಇದ್ರೆ ನಾನು ಕಳಕೊಂಡಷ್ಟು ದುಡ್ಡು ನೀವು ಕಳಕೊಳ್ಳೋದು ಬೇಡ.

ಡಬ್ಬದ ಒಳಗೆ ಏನಿರುತ್ತೆ

ತಿಳಿ ಹಸಿರು ಪೇಂಟ್ ಡಬ್ಬದಲ್ಲಿ ಹಸಿರು ಇರೋದು ತುಂಬಾ ಕಮ್ಮಿ. ಬಹುಪಾಲು ಬಿಳಿ ಬೇಸ್. ಆ ಬಿಳಿ ಬರೋದು ಟೈಟಾನಿಯಂ ಡೈಆಕ್ಸೈಡ್‌ನಿಂದ. ಅದರ ವಕ್ರೀಭವನ ಸೂಚ್ಯಂಕ ಸುಮಾರು 2.7, ಅದನ್ನ ಹಿಡಿದಿಟ್ಟುಕೊಂಡಿರೋ ಅಕ್ರಿಲಿಕ್ ಬೈಂಡರ್‌ದು ಸುಮಾರು 1.5. ಈ ಎರಡರ ನಡುವೆ ಇಷ್ಟು ವ್ಯತ್ಯಾಸ ಇರೋದ್ರಿಂದ ಬೆಳಕು ಒಳಗೆ ಹೋದ ಕೂಡಲೇ ಚದುರಿ ವಾಪಸ್ ಬರುತ್ತೆ, ಗೋಡೆ ಬೆಳ್ಳಗೆ ಕಾಣುತ್ತೆ, ಹಿಂದಿನ ಕಲೆ ಮುಚ್ಚುತ್ತೆ. ಈ ಬಿಳಿಗೆ ಅಂಗಡಿಯ ಟಿಂಟಿಂಗ್ ಮೆಷಿನ್ ಹನಿ ಲೆಕ್ಕದಲ್ಲಿ ಬಣ್ಣ ಬಿಡುತ್ತೆ. ಹಸಿರಿಗೆ ಸಾಮಾನ್ಯವಾಗಿ ಥ್ಯಾಲೊ ಗ್ರೀನ್ ಅನ್ನೋ ತಾಮ್ರದ ಸಂಯುಕ್ತ, ಅದರ ಜೊತೆ ಸ್ವಲ್ಪ ಹಳದಿ, ಒಂಚೂರು ಕಪ್ಪು. ಥ್ಯಾಲೊ ಗ್ರೀನ್ ಸ್ವಭಾವತಃ ನೀಲಿ ಕಡೆ ವಾಲಿರೋ ಹಸಿರು. ಹಳದಿ ಕಮ್ಮಿಯಾದ್ರೆ ಪುದೀನ ಚಾಕೊಲೇಟ್ ಹಸಿರು, ಹಳದಿ ಜಾಸ್ತಿಯಾದ್ರೆ ಪಿಸ್ತಾ ಹಸಿರು, ಕಪ್ಪು ಒಂದಿಷ್ಟು ಸೇರಿದ್ರೆ ಬೂದುಗುಂಬಳದ ಸಿಪ್ಪೆಯ ಮೇಲಿನ ಬೂದಿ ಹಸಿರು.

ಹನಿ ಲೆಕ್ಕ ಅಂದೆನಲ್ಲ, ಅದರಲ್ಲೇ ತೊಂದರೆ ಇರೋದು. ಗಾಢ ಬಣ್ಣದಲ್ಲಿ ಒಂದು ಹನಿ ಹೆಚ್ಚುಕಮ್ಮಿಯಾದ್ರೆ ಗೊತ್ತೇ ಆಗಲ್ಲ. ತಿಳಿ ಬಣ್ಣದಲ್ಲಿ ಒಟ್ಟು ಇರೋದೇ ಕೆಲವು ಹನಿ, ಹಾಗಾಗಿ ಅಷ್ಟೇ ಎಡವಟ್ಟು ಇಲ್ಲಿ ದೊಡ್ಡ ಶೇಕಡಾವಾರು ತಪ್ಪಾಗುತ್ತೆ. ಮೊದಲ ಸೆಮಿಸ್ಟರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಎರರ್ ಅನಾಲಿಸಿಸ್ ಅಂತ ಬೋರ್ ಹೊಡೆಸಿಕೊಂಡು ಬರೆದಿದ್ವಲ್ಲ, ಅದೇ. ಎರಡು ಡಬ್ಬ ಬೇಕಾದ್ರೆ ಎರಡನ್ನೂ ಒಟ್ಟಿಗೆ ಮಿಕ್ಸ್ ಮಾಡಿಸಿ, ಮನೆಗೆ ತಂದಮೇಲೆ ಒಂದು ದೊಡ್ಡ ಬಕೆಟ್‌ಗೆ ಎರಡನ್ನೂ ಸುರಿದು ಕಲಸಿ. ಇಲ್ಲದಿದ್ರೆ ಗೋಡೆಯ ನಡುವೆ ಒಂದು ಡಬ್ಬ ಮುಗಿದು ಇನ್ನೊಂದು ಶುರುವಾದ ಜಾಗ ಜೀವನಪೂರ್ತಿ ಕಾಣ್ತಿರುತ್ತೆ. ಇದು ನಾನು ಓದಿ ತಿಳಕೊಂಡದ್ದಲ್ಲ, ನಮ್ಮ ಪೇಂಟರ್ ಅಣ್ಣ ಹೇಳಿದ್ದು.

ಕಾರ್ಡ್‌ನಲ್ಲಿ ತಿಳಿ, ಗೋಡೆಯಲ್ಲಿ ಗಾಢ

ಇದು ಎಲ್ಲರಿಗೂ ಆಗೋ ಅನುಭವ. ಕಾರ್ಡ್‌ನಲ್ಲಿ ಇಷ್ಟೇ ಇಷ್ಟು ಹಸಿರು ಇದ್ದದ್ದು ರೂಮಿಗೆ ಹೊಡೆದಮೇಲೆ ಕಣ್ಣಿಗೆ ರಾಚುತ್ತೆ. "ಅಂಗಡಿಯವನು ಬೇರೆ ಬಣ್ಣ ಕೊಟ್ಟ" ಅಂತ ಜಗಳಕ್ಕೆ ಹೋಗೋದು ಆಮೇಲಿನ ಮಾತು, ಮೊದಲು ಒಂದು ಲೆಕ್ಕ ನೋಡಿ.

ಅರ್ಥ ಆಗೋಕೆ ಬೇಕಾಗಿ ನಾನೇ ಎರಡು ಸಂಖ್ಯೆ ಇಟ್ಟುಕೊಳ್ತೀನಿ. ನಮ್ಮ ಪೇಂಟ್ ಹಸಿರು ಬೆಳಕಿನಲ್ಲಿ ಶೇಕಡಾ 80, ಕೆಂಪು ಬೆಳಕಿನಲ್ಲಿ ಶೇಕಡಾ 68 ವಾಪಸ್ ಕಳಿಸುತ್ತೆ ಅಂದುಕೊಳ್ಳಿ. ಅಂಗಡಿಯಲ್ಲಿ ಕಾರ್ಡ್ ಹಿಡಿದಾಗ ಬೆಳಕು ಅದಕ್ಕೆ ಒಂದೇ ಸಲ ಬಡಿದು ಕಣ್ಣಿಗೆ ಬರುತ್ತೆ. ಹಸಿರು ಮತ್ತು ಕೆಂಪಿನ ಅನುಪಾತ 0.80 ಭಾಗಿಸು 0.68, ಅಂದ್ರೆ 1.18. ಹಸಿರು ಹೌದೋ ಅಲ್ವೋ ಅನ್ನೋ ಹಾಗೆ.

ರೂಮಿನಲ್ಲಿ ಹಾಗಲ್ಲ. ಒಂದು ಗೋಡೆಯಿಂದ ಎದ್ದ ಬೆಳಕು ಎದುರು ಗೋಡೆಗೆ ಬಡಿದು, ಅಲ್ಲಿಂದ ಪಕ್ಕದ ಗೋಡೆಗೆ ಹೋಗಿ, ಆಮೇಲೆ ನಿಮ್ಮ ಕಣ್ಣಿಗೆ ಬರುತ್ತೆ. ಎರಡು ಸಲ ಬಡಿದ ಬೆಳಕಿನಲ್ಲಿ ಅನುಪಾತ 1.18ರ ವರ್ಗ, ಸುಮಾರು 1.38. ಮೂರು ಸಲ ಬಡಿದದ್ದರಲ್ಲಿ 1.63. ಎಲ್ಲ ಸಲದ ಬೆಳಕನ್ನೂ ಕೂಡಿಸಿದ್ರೆ ಗುಣೋತ್ತರ ಶ್ರೇಢಿ. ಹಸಿರಿಗೆ 0.8 ಭಾಗಿಸು 0.2, ಅಂದ್ರೆ 4. ಕೆಂಪಿಗೆ 0.68 ಭಾಗಿಸು 0.32, ಅಂದ್ರೆ ಸುಮಾರು 2.13. ಅನುಪಾತ ಈಗ ಸುಮಾರು 1.9! ನಿಜವಾದ ರೂಮಿನಲ್ಲಿ ಕಿಟಕಿ ಇದೆ, ಬಿಳಿ ಸೀಲಿಂಗ್ ಇದೆ, ನೆಲ ಇದೆ, ಹಾಗಾಗಿ ಇಷ್ಟು ದೂರ ಹೋಗಲ್ಲ. ಇದು ಮೇಲಿನ ಮಿತಿ. ಆದ್ರೆ ದಿಕ್ಕು ಇದೇ. ನಾಲ್ಕೂ ಗೋಡೆ ಒಂದೇ ಬಣ್ಣ ಇದ್ದಷ್ಟೂ, ರೂಮು ಚಿಕ್ಕದಾದಷ್ಟೂ ಬಣ್ಣ ತನ್ನನ್ನೇ ತಾನು ಗುಣಿಸಿಕೊಳ್ಳುತ್ತೆ. ಮೂಲೆಗಳನ್ನ ನೋಡಿ, ಅಲ್ಲಿ ಹಸಿರು ಯಾವಾಗಲೂ ಒಂದು ಕೈ ಜಾಸ್ತಿ.

ಅದಕ್ಕೇ ಕಾರ್ಡ್‌ನಲ್ಲಿ ನಿಮಗೆ ಇಷ್ಟವಾದದ್ದಕ್ಕಿಂತ ಒಂದು ಮನೆ ಮೇಲಿನದು, ಅಂದ್ರೆ ಇನ್ನೂ ತಿಳಿ ಇರೋದನ್ನ ಆರಿಸಿ. ಕಾರ್ಡ್‌ನಲ್ಲಿ "ಇದು ಬಿಳೀನೇ ಅಲ್ವಾ" ಅನ್ನಿಸೋದು ಗೋಡೆಯಲ್ಲಿ ಹದವಾಗಿ ಹಸಿರಾಗಿರುತ್ತೆ. ಇನ್ನೊಂದು ದಾರಿ, ಹಸಿರನ್ನ ಎರಡೇ ಗೋಡೆಗೆ ಹೊಡೆಸಿ ಉಳಿದೆರಡಕ್ಕೆ ಕೆನೆಬಿಳಿ ಹೊಡೆಸೋದು. ಆಗ ಶ್ರೇಢಿ ನಡುವೆ ತುಂಡಾಗುತ್ತೆ.

ಮೊಬೈಲ್ ಬಗ್ಗೆ ಜಾಸ್ತಿ ಹೇಳಲ್ಲ. ಸ್ಕ್ರೀನ್ ತಾನೇ ಬೆಳಕು ಸೂಸುತ್ತೆ, ಗೋಡೆ ಸೂಸಲ್ಲ. ಅದರ ಮೇಲೆ ನನ್ನ ಫೋನ್‌ನಲ್ಲಿ ರಾತ್ರಿ ಹೊತ್ತು ನೈಟ್ ಮೋಡ್ ತಾನಾಗೇ ಆನ್ ಆಗಿ ಪರದೆ ಹಳದಿಯಾಗ್ತಿತ್ತು. ನಾನು ನೋಡಿದ ಬಾಳೆ ಸುಳಿಯ ಹಳದಿ ಪೇಂಟ್‌ದಲ್ಲ, ಫೋನ್‌ದು. ಅದು ಗೊತ್ತಾದ ದಿನ ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಇಲ್ಲೇ ಮೊದಲು ಹೇಳ್ತಿರೋದು.

ಕಿಟಕಿ ಯಾವ ಕಡೆ

ಇಂಟರ್ನೆಟ್‌ನಲ್ಲಿ ಮನೆ ಅಲಂಕಾರದ ಸಲಹೆ ಹುಡುಕಿದ್ರೆ "ಉತ್ತರದ ಕಿಟಕಿ ಇರೋ ರೂಮಿಗೆ ನೀಲಿ ಕಡೆ ವಾಲಿದ ಹಸಿರು ಬೇಡ, ತಣ್ಣಗೆ ಕಾಣುತ್ತೆ" ಅಂತ ಸಿಗುತ್ತೆ. ಅದು ಇಂಗ್ಲೆಂಡಿಗೆ ಸರಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರ್ತಾನೆ, ಉತ್ತರದ ಕಿಟಕಿಗೆ ಬರೋದು ಬಹುತೇಕ ಆಕಾಶದ ನೀಲಿ ಬೆಳಕು ಮಾತ್ರ. ನಾವಿರೋದು 13 ಡಿಗ್ರಿ ಅಕ್ಷಾಂಶದ ಆಸುಪಾಸು. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತಲ್ಲ, ಕಂಬ ನಿಲ್ಲಿಸಿ ಫೋಟೋ ತೆಗೀತಾರಲ್ಲ, ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರ್ತಾನೆ. ಅಂದ್ರೆ ನಮ್ಮ ಉತ್ತರದ ಕಿಟಕಿ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಬೇರೆ ಥರ, ಉಳಿದ ಎಂಟು ತಿಂಗಳು ಬೇರೆ ಥರ. ಏಪ್ರಿಲ್ ಕೊನೆಯಲ್ಲಿ ನೋಡಿ ಆರಿಸಿದ ಬಣ್ಣ ಡಿಸೆಂಬರ್‌ನಲ್ಲಿ ತಣ್ಣಗೆ ಕಾಣಬಹುದು.

ನಮ್ಮ ಕಡೆ ದಿಕ್ಕಿಗಿಂತ ದೊಡ್ಡ ವಿಷಯ ಕಿಟಕಿ ಆಚೆ ಏನಿದೆ ಅನ್ನೋದು. ಅಜ್ಜಿ ಕೋಣೆಯ ಕಿಟಕಿಯಿಂದ ಒಂದು ಮಾರು ದೂರದಲ್ಲಿ ಹೊಂಗೆ ಮರ, ಅದರಾಚೆ ತೆಂಗಿನ ತೋಟ. ಒಳಗೆ ಬರೋ ಬೆಳಕಲ್ಲಿ ಅರ್ಧ ಎಲೆಗಳಿಗೆ ಬಡಿದೇ ಬರೋದು. ಅಂದ್ರೆ ಬೆಳಕೇ ಆಗಲೇ ಹಸಿರು. ಅಂಥಾ ರೂಮಿಗೆ ಹಸಿರು ಗೋಡೆ ಹೊಡೆದ್ರೆ ನಮ್ಮ ಶ್ರೇಢಿ ಮೊದಲ ಪದದಿಂದಲೇ ಹಸಿರಾಗಿ ಶುರುವಾಗುತ್ತೆ. ನಿಮ್ಮ ಕಿಟಕಿಗೆ ಎದುರು ಮನೆಯ ಕೇಸರಿ ಗೋಡೆ ಇದ್ರೆ ಉಲ್ಟಾ, ತಿಳಿ ಹಸಿರು ಹೋಗಿ ಮಣ್ಣುಬಣ್ಣವಾಗುತ್ತೆ. ಪಶ್ಚಿಮದ ಕಿಟಕಿ ಇದ್ರೆ ಸಂಜೆ ಐದರ ಮೇಲೆ ಇದನ್ನೇ ಪುಕ್ಕಟೆಯಾಗಿ ನೋಡಬಹುದು.

ರಾತ್ರಿಯ ಕಥೆಯೇ ಬೇರೆ. ನಮ್ಮ ಮನೆಗಳಲ್ಲಿ ಇರೋದು ಬಹುಪಾಲು 6500 ಕೆಲ್ವಿನ್‌ನ ಕೂಲ್ ಡೇಲೈಟ್ ಎಲ್‌ಇಡಿ. ಬೆಳ್ಳಗೆ ಇದ್ದಷ್ಟೂ ಬೆಳಕು ಜಾಸ್ತಿ ಅನ್ನೋ ನಂಬಿಕೆ ನಮ್ಮವರದು. ಬಿಳಿ ಎಲ್‌ಇಡಿ ಒಳಗೆ ನಿಜಕ್ಕೂ ಇರೋದು ನೀಲಿ ಚಿಪ್, ಅದರ ಮೇಲೆ ಹಳದಿ ಬೆಳಕು ಕೊಡೋ ಫಾಸ್ಫರ್ ಲೇಪ. ನೀಲಿ ಮತ್ತು ಹಳದಿ ಸೇರಿ ಬಿಳಿ ಅನ್ನಿಸುತ್ತೆ. ಅಗ್ಗದ ಬಲ್ಬ್‌ನಲ್ಲಿ ಕೆಂಪು ಬೆಳಕು ಕಮ್ಮಿ, ನೀಲಿ ಮತ್ತು ಹಸಿರಿನ ನಡುವೆ ಒಂದು ಹಳ್ಳ. ಇಂಥ ಬೆಳಕಲ್ಲಿ ತಿಳಿ ಹಸಿರು ಗೋಡೆಯೂ, ಅದರ ಮುಂದೆ ಕೂತ ಮನುಷ್ಯರ ಮುಖವೂ ಸಪ್ಪೆಯಾಗುತ್ತೆ. 2700ರಿಂದ 3000 ಕೆಲ್ವಿನ್‌ನ ವಾರ್ಮ್ ವೈಟ್ ಹಾಕಿದ್ರೆ ಅದೇ ಗೋಡೆ ಹೆಸರುಬೇಳೆ ತೊವ್ವೆ ಬಣ್ಣಕ್ಕೆ ತಿರುಗುತ್ತೆ. ಓದೋಕೆ ಅಷ್ಟು ಹಳದಿ ಆಗಲ್ಲ ಅನ್ನೋರಿಗೆ 4000 ಇದೆ. ಬಲ್ಬ್ ಡಬ್ಬದ ಮೇಲೆ ಸಿಆರ್‌ಐ ಅಂತ ಒಂದು ನಂಬರ್ ಇರುತ್ತೆ, 90ರ ಹತ್ತಿರ ಇರೋದು ಸಿಕ್ಕಿದ್ರೆ ತಗೊಳ್ಳಿ. ಪೇಂಟ್ ಬದಲಾಯಿಸೋದಕ್ಕಿಂತ ಬಲ್ಬ್ ಬದಲಾಯಿಸೋದು ಎಷ್ಟೋ ಅಗ್ಗ. ನಾನು ಇದನ್ನೇ ಮೊದಲು ಮಾಡಬೇಕಿತ್ತು.

ಕೆಂಪು ನೆಲದ ಮೇಲೆ ಹಸಿರು ಗೋಡೆ

ಅಜ್ಜಿ ಮನೆದು ರೆಡ್ ಆಕ್ಸೈಡ್ ನೆಲ. ಎಪ್ಪತ್ತು ವರ್ಷದಿಂದ ಒರೆಸಿ ಒರೆಸಿ ಕನ್ನಡಿ ಥರ ಆಗಿದೆ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಈ ಜೋಡಿ ನೋಡಿರ್ತೀರ, ಕೆಂಪು ನೆಲ, ತಿಳಿ ಹಸಿರು ಗೋಡೆ. ಈ ಜೋಡಿ ಯಾಕೆ ಒಪ್ಪುತ್ತೆ ಅನ್ನೋದರಲ್ಲಿ ಎರಡು ವಿಷಯ ಒಂದಕ್ಕೊಂದು ಜಗ್ಗಾಡ್ತಾ ಇರುತ್ತೆ.

ಒಂದು, ಬರೀ ಫಿಸಿಕ್ಸ್. ನೆಲಕ್ಕೆ ಬಡಿದ ಬೆಳಕು ಕೆಂಪಾಗಿ ಎದ್ದು ಗೋಡೆಯ ಕೆಳಭಾಗಕ್ಕೆ ತಾಗುತ್ತೆ. ಅಲ್ಲಿ ಹಸಿರು ಸ್ವಲ್ಪ ಸತ್ತು ಬೂದಿಯಾಗುತ್ತೆ. ಬಿಳಿ ಹಾಳೆಯನ್ನ ಗೋಡೆಗೆ ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಿಡಿದು ನೋಡಿ, ಹಾಳೆಯೇ ಗುಲಾಬಿಯಾಗಿರುತ್ತೆ. ಇನ್ನೊಂದು, ಕಣ್ಣಿನ ಕೆಲಸ. ಕೆಂಪನ್ನ ನೋಡ್ತಾ ಇದ್ದ ಕಣ್ಣು ಪಕ್ಕಕ್ಕೆ ತಿರುಗಿದಾಗ ಹಸಿರನ್ನ ಜಾಸ್ತಿ ಮಾಡಿ ಓದುತ್ತೆ. ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಶೆವ್ರಲ್ ಇದರ ಮೇಲೆ 1839ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಅವನು ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕೋ ವಿಭಾಗ ನೋಡಿಕೊಳ್ತಿದ್ದ. ಅಲ್ಲಿ ನೂಲಿನ ಬಣ್ಣ ಸರಿಯಿಲ್ಲ ಅಂತ ದೂರು ಬರ್ತಿತ್ತು. ಪರೀಕ್ಷೆ ಮಾಡಿದ್ರೆ ಎಷ್ಟೋ ಸಲ ದೋಷ ಬಣ್ಣದ್ದಲ್ಲ, ಪಕ್ಕದಲ್ಲಿ ನೇಯ್ದ ಇನ್ನೊಂದು ಬಣ್ಣದ್ದು ಅಂತ ಅವನಿಗೆ ಗೊತ್ತಾಯ್ತು. ಕೆಂಪು ನೆಲ ಇದ್ರೆ ತುಂಬಾ ತಿಳಿಯಾದ ಹಸಿರೂ ಹಸಿರಾಗೇ ಕಾಣುತ್ತೆ, ಜಾಸ್ತಿ ಬಣ್ಣ ಬೇಕಾಗಲ್ಲ. ಬಿಳಿ ವಿಟ್ರಿಫೈಡ್ ಟೈಲ್ಸ್ ಇದ್ರೆ ಈ ಸಹಾಯ ಇಲ್ಲ, ಅಲ್ಲಿ ಅದೇ ಶೇಡ್ ತೊಳೆದ ಹಾಗಿರುತ್ತೆ. ನಾಲ್ಕನೇ ಮಹಡಿಯ ಫ್ಲಾಟ್‌ನಲ್ಲಿ "ಅಜ್ಜಿ ಮನೆ ಲುಕ್" ಬೇಕು ಅಂತ ಬರೀ ಗೋಡೆಗೆ ಹಸಿರು ಹೊಡೆಸೋರು ಇದನ್ನ ಮರೀತಾರೆ. ಒಂದು ಇಟ್ಟಿಗೆ ಬಣ್ಣದ ಜಮಖಾನ ಹಾಸಿದ್ರೂ ಅರ್ಧ ಕೆಲಸ ಆಗುತ್ತೆ.

ಹಾಗಾದ್ರೆ ಅಮ್ಮ ಹೇಳಿದ ಹೆರಿಗೆ ವಾರ್ಡ್ ಎಲ್ಲಿಂದ ಬಂತು? ಅದಕ್ಕೂ ಇದೇ ಕಾರಣ. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶರ್ಮನ್ ಅನ್ನೋ ಸರ್ಜನ್, ಬೆಳ್ಳನೆಯ ಆಪರೇಷನ್ ಥಿಯೇಟರ್‌ನಲ್ಲಿ ಕಣ್ಣು ಕೋರೈಸುತ್ತೆ ಅಂತ ಗೋಡೆ, ನೆಲಕ್ಕೆಲ್ಲ ಪಾಲಕ್ ಸೊಪ್ಪಿನ ಹಸಿರು ಮಾಡಿಸಿದ. ರಕ್ತದ ಕೆಂಪನ್ನ ನೋಡಿ ದಣಿದ ಕಣ್ಣಿಗೆ ಎದುರು ಬಣ್ಣ ಆರಾಮ. ಅಲ್ಲಿಂದ ಮುಂದೆ ಹಸಿರು ಥಿಯೇಟರ್‌ನಿಂದ ವಾರ್ಡಿಗೆ, ಕಾರಿಡಾರಿಗೆ ಹರಡ್ತಾ ತಿಳಿಯಾಯ್ತು. ನಮ್ಮ ತಲೆಯಲ್ಲಿ ನೀಲಿ ಕಡೆ ವಾಲಿದ ತಿಳಿ ಹಸಿರು, ಅದರ ಮೇಲೆ ಹೊಳಪು, ಅದರ ಮೇಲೆ ಬಿಳಿ ಟ್ಯೂಬ್‌ಲೈಟ್, ಇಷ್ಟು ಸೇರಿದ್ರೆ ಫಿನಾಯಿಲ್ ವಾಸನೆಯೂ ತಾನಾಗೇ ಬರುತ್ತೆ. ಈ ಮೂರರಲ್ಲಿ ಎರಡನ್ನಾದರೂ ಮುರೀಬೇಕು. ಹಳದಿ ಕಡೆ ವಾಲಿದ ಹಸಿರು, ಹೊಳಪಿಲ್ಲದ ಮ್ಯಾಟ್ ಫಿನಿಶ್, ಬೆಚ್ಚಗಿನ ಬೆಳಕು. ಜೊತೆಗೆ ಮರ. ಹಲಸಿನ ಮರದ ಹಳೇ ಬೀರು, ಬೆತ್ತದ ಕುರ್ಚಿ, ಹಿತ್ತಾಳೆ ದೀಪ ಇವೆಲ್ಲ ತಿಳಿ ಹಸಿರಿನ ಮುಂದೆ ಇನ್ನೂ ಚೆನ್ನಾಗಿ ಕಾಣುತ್ತೆ, ಯಾಕಂದ್ರೆ ಇವೆಲ್ಲ ಕೆಂಪು, ಹಳದಿ ಕಡೆಯ ವಸ್ತುಗಳು. ಸ್ಟೀಲ್ ಮಂಚ, ಬಿಳಿ ಪರದೆ, ಗ್ಲಾಸ್ ಟೀಪಾಯಿ ಇಟ್ಟರೆ ವಾಪಸ್ ವಾರ್ಡಿಗೇ. ಸೀಲಿಂಗ್‌ಗೆ ನೀಲಿ ಬೆರೆತ ಬಿಳಿ ಬೇಡ, ಕೆನೆ ಬೆರೆತ ಬಿಳಿ ಇರಲಿ. ಪರದೆಗೆ ಬಣ್ಣ ಹಾಕದ ಖಾದಿ ಸಾಕು, ನನಗೆ ಅದಕ್ಕಿಂತ ಚೆನ್ನಾಗಿರೋದು ಕಾಣಲಿಲ್ಲ. ಹಸಿರು ಗೋಡೆಗೆ ಹಸಿರು ಪರದೆ, ಹಸಿರು ಬೆಡ್‌ಶೀಟ್ ಮ್ಯಾಚಿಂಗ್ ಮಾಡೋದು ಮಾತ್ರ ದಯವಿಟ್ಟು ಬೇಡ.

ಹಳೇ ಹಸಿರನ್ನ ಕೆರೆಯೋ ಮುಂಚೆ

ಇದು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸಿದ ಭಾಗ. ಹಸಿರು ಬಣ್ಣಕ್ಕೆ ಒಂದು ಕೆಟ್ಟ ಚರಿತ್ರೆ ಇದೆ. 1775ರಲ್ಲಿ ಸ್ವೀಡನ್ನಿನ ಶೀಲೆ ಒಂದು ಹಸಿರು ಮಾಡಿದ, ಅದು ತಾಮ್ರ ಮತ್ತು ಆರ್ಸೆನಿಕ್‌ನ ಸಂಯುಕ್ತ. 1814ರ ಸುಮಾರಿಗೆ ಅದಕ್ಕಿಂತ ಹೊಳೆಯೋ ಎಮರಾಲ್ಡ್ ಗ್ರೀನ್ ಬಂತು, ಅದರಲ್ಲೂ ಆರ್ಸೆನಿಕ್. ಯುರೋಪಿನ ಮನೆಗಳ ವಾಲ್‌ಪೇಪರ್ ತುಂಬಾ ಇದೇ ಬಣ್ಣ. ಗೋಡೆ ತೇವವಾಗಿ ಬೂಷ್ಟು ಹಿಡಿದಾಗ ಅದರಿಂದ ಆರ್ಸೆನಿಕ್ ಇರೋ ಅನಿಲ ಏಳುತ್ತೆ ಅಂತ ಇಟಲಿಯ ಗೋಸಿಯೋ 1890ರ ದಶಕದಲ್ಲಿ ತೋರಿಸಿದ.

ಅದು ಅವರ ಕಥೆ. ನಮ್ಮದು ಸೀಸದ ಕಥೆ. ಹಳೇ ಎನಾಮೆಲ್ ಪೇಂಟ್‌ಗಳಲ್ಲಿ ಹಳದಿಗೆ ಸೀಸದ ಕ್ರೋಮೇಟ್ ಬಳಸ್ತಿದ್ರು. ಅದಕ್ಕೆ ನೀಲಿ ಬೆರೆಸಿದ್ರೆ ಹಸಿರು. ಭಾರತದಲ್ಲಿ ಮನೆಗೆ ಬಳಸೋ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅಂದ್ರೆ ಅದಕ್ಕಿಂತ ಹಿಂದೆ ಹೊಡೆದ ಹಸಿರು ಬಾಗಿಲು, ಹಸಿರು ಕಿಟಕಿ ಸರಳುಗಳಲ್ಲಿ ಸೀಸ ಇರೋ ಸಾಧ್ಯತೆ ಇದ್ದೇ ಇದೆ. ಅಜ್ಜಿ ಮನೆಯ ಕಿಟಕಿಗಳೆಲ್ಲ ಅಂಥ ಹಸಿರು. ಕೆಲಸ ಶುರುವಾದ ದಿನ ಅದನ್ನ ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜೋಕೆ ಹೊರಟಿದ್ರಂತೆ, ಅದೇ ಕೋಣೆಯಲ್ಲಿ ಚಿಕ್ಕಪ್ಪನ ಮೂರು ವರ್ಷದ ಮಗಳು ಆಡ್ತಾ ಇದ್ಲು. ಚಿಕ್ಕಮ್ಮ ಧೂಳಿಗೆ ಬೈದು ಮಗೂನ ಎತ್ತಿಕೊಂಡು ಹೋದ್ರು, ಸೀಸದ ವಿಷಯ ಅವರಿಗೂ ಗೊತ್ತಿರಲಿಲ್ಲ. ಮಕ್ಕಳ ಮೆದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ. ಹಳೇ ಎನಾಮೆಲ್ ಗಟ್ಟಿಯಾಗಿದ್ರೆ ಕೆರೆಯಲೇಬೇಡಿ, ಮೇಲೆ ಹೊಸ ಕೋಟ್ ಹೊಡೆಸಿ. ಕೆರೆಯಲೇಬೇಕು ಅಂದ್ರೆ ನೀರು ಹಾಕಿ ಒದ್ದೆಯಾಗಿ ಉಜ್ಜಬೇಕು, ಮಕ್ಕಳು ಮತ್ತು ಬಸುರಿಯರು ಬೇರೆ ಕಡೆ ಇರಬೇಕು, ಉಜ್ಜೋರು ಒಳ್ಳೆ ಮಾಸ್ಕ್ ಹಾಕಬೇಕು, ಆಮೇಲೆ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ದಿನವೂ ಆ ಧೂಳು ಕುಡಿಯೋದು ಪೇಂಟರ್ ಅಣ್ಣಂದಿರು. ಅವರಿಗೆ ಮಾಸ್ಕ್ ತಂದುಕೊಡೋದು ನಮ್ಮ ಕೆಲಸ.

ಗೋಡೆಯ ಬಗ್ಗೆ ಎರಡು ಮಾತು. ತಿಳಿ ಬಣ್ಣ ತೇವವನ್ನ ಮುಚ್ಚಿಡಲ್ಲ, ಹಸಿರಿನ ಮೇಲೆ ಹಳದಿ ನೀರಿನ ಕಲೆ ಎದ್ದು ಕಾಣುತ್ತೆ. ತೇವ ಎಲ್ಲಿಂದ ಬರ್ತಿದೆ ಅಂತ ಮೊದಲು ಹುಡುಕಿ. ಹೊಸ ಸಿಮೆಂಟ್ ಗಾರೆಯಾದ್ರೆ ಕ್ಯೂರಿಂಗ್ ಮುಗಿದು ಪೂರ್ತಿ ಒಣಗೋವರೆಗೆ ಕಾಯಬೇಕು, ಇಲ್ಲದಿದ್ರೆ ಒಳಗಿನ ಕ್ಷಾರ ಹೊರಗೆ ಬಂದು ಬಿಳಿ ಉಪ್ಪು ಹೂವಿನ ಥರ ಅರಳುತ್ತೆ. ಅಜ್ಜಿ ಕಾಲದಲ್ಲಿ ಸುಣ್ಣಕ್ಕೇ ಪುಡಿ ಬಣ್ಣ ಕಲಸಿ ಬಳೀತಿದ್ರು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತೆ, ಗೋಡೆ ಉಸಿರಾಡುತ್ತೆ. ಆದ್ರೆ ಸುಣ್ಣದ ಕ್ಷಾರಕ್ಕೆ ಎಲ್ಲ ಹಸಿರೂ ತಡೆಯಲ್ಲ. ಪ್ರಶ್ಯನ್ ಬ್ಲೂ ಬೆರೆಸಿ ಮಾಡಿದ ಹಸಿರು ಕೆಲವೇ ದಿನಕ್ಕೆ ಕೆಡುತ್ತೆ, ಕ್ರೋಮಿಯಂ ಆಕ್ಸೈಡ್‌ನ ಹಸಿರು ನಿಲ್ಲುತ್ತೆ. ಸಡಿಲವಾದ ಹಳೇ ಸುಣ್ಣದ ಮೇಲೆ ನೇರವಾಗಿ ಎಮಲ್ಷನ್ ಹೊಡೆದ್ರೆ ಹಪ್ಪಳದ ಥರ ಎದ್ದು ಬರುತ್ತೆ. ಕೆರೆದು, ಪ್ರೈಮರ್ ಕೊಟ್ಟು, ಆಮೇಲೆ ಬಣ್ಣ.

ಎಷ್ಟು ಬೇಕು ಅನ್ನೋದು ಸುಲಭ. ನಮ್ಮ ಕೋಣೆ 12 ಅಡಿಗೆ 10 ಅಡಿ, ಎತ್ತರ 10. ಸುತ್ತಳತೆ 44, ಗೋಡೆ 440 ಚದರಡಿ. ಬಾಗಿಲು 21, ಎರಡು ಕಿಟಕಿ 32 ಕಳೆದ್ರೆ 387. ಎರಡು ಕೋಟ್‌ಗೆ 774. ಡಬ್ಬದ ಮೇಲೆ ಲೀಟರಿಗೆ ಒಂದು ಕೋಟ್ 120 ಚದರಡಿ ಅಂತ ಇದ್ರೆ ಆರೂವರೆ ಲೀಟರ್. ನಾವು ಇದನ್ನ ಎರಡು ಸಲ ಕೊಂಡ್ವಿ, ಅದೇ ನನ್ನ ಹೊಟ್ಟೆ ಉರಿ.

ಇಡಿ ಶೀಟ್ ಪ್ರಯೋಗ

ಎರಡನೇ ಸಲ ಆರಿಸೋವಾಗ ನಾನು ಬುದ್ಧಿ ಕಲಿತಿದ್ದೆ. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟ್‌ಗಳು ಬ್ಯಾಗ್‌ನಲ್ಲಿದ್ವು. ಅವುಗಳ ಹಿಂಬದಿಗೆ ಮೊದಲು ಬಿಳಿ ಪ್ರೈಮರ್, ಆಮೇಲೆ ಅಂಗಡಿಯಿಂದ ತಂದ ಮೂರು ಸ್ಯಾಂಪಲ್ ಡಬ್ಬಗಳಿಂದ ಎರಡೆರಡು ಕೋಟ್. ಪೂರ್ತಿ ಒಣಗೋವರೆಗೆ ನೋಡಲೇ ಇಲ್ಲ, ಯಾಕಂದ್ರೆ ಅಕ್ರಿಲಿಕ್ ಹಸಿಯಿದ್ದಾಗ ಹಾಲಿನ ಥರ ಮಬ್ಬಾಗಿದ್ದು ಒಣಗಿದಮೇಲೆ ಒಂದು ಚೂರು ಗಾಢವಾಗುತ್ತೆ. ಗೋಡೆಗೇ ನೇರವಾಗಿ ಸ್ಯಾಂಪಲ್ ಬಳಿದ್ರೆ ಸುತ್ತ ಇರೋ ಹಳೇ ಬಣ್ಣ ಶೆವ್ರಲ್ ಹೇಳಿದ ಮೋಸ ಮಾಡುತ್ತೆ. ಶೀಟ್ ಆದ್ರೆ ಎತ್ತಿಕೊಂಡು ಓಡಾಡಬಹುದು. ಕಿಟಕಿ ಪಕ್ಕ, ಕಿಟಕಿ ಎದುರು, ನೆಲದ ಹತ್ತಿರ, ಮೂಲೆಯಲ್ಲಿ. ಎರಡು ಶೀಟನ್ನ ಪುಸ್ತಕದ ಥರ ಮಡಚಿ ನಿಲ್ಲಿಸಿದ್ರೆ ನಡುವಿನ ಸಂದಿಯಲ್ಲಿ ನಮ್ಮ ಗುಣೋತ್ತರ ಶ್ರೇಢಿ ಕಣ್ಣಿಗೇ ಕಾಣುತ್ತೆ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಆರು, ರಾತ್ರಿ ಲೈಟ್ ಹಾಕಿ, ಹೀಗೆ ಎರಡು ದಿನ ನೋಡಿದೆ. ಹಿತ್ತಲಿಂದ ಒಂದು ಬಾಳೆ ಸುಳಿ ಕಿತ್ತು ತಂದು ಪಕ್ಕದಲ್ಲಿಟ್ಟೆ. ಅಜ್ಜಿ ಬೈದ್ರು, ಸುಳಿ ಕಿತ್ತರೆ ಗಿಡ ಹಿಂದೆ ಬೀಳುತ್ತೆ ಅಂತ.

ಆದ್ರೆ ಒಂದು ಪ್ರಶ್ನೆ ಉಳಿದೇ ಇತ್ತು. ಬಣ್ಣ ಯಾರ ಕಣ್ಣಿಗೆ? ಪೊರೆ ಬಂದ ಕಣ್ಣಿನ ಮಸೂರ ವಯಸ್ಸಾಗ್ತಾ ಹಳದಿಯಾಗಿ, ಕಂದಾಗಿ ನೀಲಿ ಬೆಳಕನ್ನ ತಡೆಯುತ್ತೆ. ಇಪ್ಪತ್ತನಾಲ್ಕು ಗಂಟೆಯೂ ಚಹಾ ಬಣ್ಣದ ಕನ್ನಡಕ ಹಾಕಿಕೊಂಡ ಹಾಗೆ. ನಾನು ಮೊದಲು ಹೊಡೆಸಿದ ಪುದೀನ ಹಸಿರಲ್ಲಿ ಇದ್ದ ನೀಲಿ ಅಜ್ಜಿಯ ಕಣ್ಣಿನೊಳಗೆ ಹೋಗಲೇ ಇಲ್ಲ, ಉಳಿದದ್ದು ಅವರಿಗೆ ಮಾಸಲು ಬಿಳಿ. ಆಪರೇಷನ್‌ನಲ್ಲಿ ಆ ಮಸೂರ ತೆಗೆದು ಹೊಸದು ಹಾಕ್ತಾರೆ, ಆಗ ನೀಲಿ ಒಮ್ಮೆಲೇ ವಾಪಸ್ ಬರುತ್ತೆ. ಈಗಿನ ಕಣ್ಣಿಗೆ ಹಸಿರು ಕಾಣಲಿ ಅಂತ ಗಾಢವಾಗಿ ಹೊಡೆಸಿದ್ರೆ ಆಪರೇಷನ್ ಆದಮೇಲೆ ಅವರಿಗೆ ಗೋಡೆ ಕಿರುಚುತ್ತೆ. ಹಾಗಾಗಿ ಮೂರು ಶೀಟಲ್ಲಿ ಅಜ್ಜಿ "ಇದ್ರಲ್ಲಿ ಏನೂ ಇಲ್ವಲ್ಲೋ" ಅಂದದ್ದನ್ನೇ, ಹಳದಿ ಕಡೆ ವಾಲಿದ ಎಲ್ಲಕ್ಕಿಂತ ತಿಳಿಯಾದದ್ದನ್ನೇ ನಾನು ಆರಿಸಿದೆ. ಅಪ್ಪ ಏನೂ ಮಾತಾಡಲಿಲ್ಲ. ಎರಡನೇ ಸಲದ ದುಡ್ಡು ಕೊಟ್ಟಿದ್ದು ಅವರು, ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಜೂನ್‌ನಲ್ಲಿ ಬಲಗಣ್ಣಿನ ಆಪರೇಷನ್ ಆಯ್ತು, ಎಡಗಣ್ಣು ಇನ್ನೂ ಬಾಕಿ. ಕಪ್ಪು ಕನ್ನಡಕ ತೆಗೆಯಬಹುದು ಅಂತ ಡಾಕ್ಟರ್ ಹೇಳಿದ ದಿನ ನಾನು ಹಾಸ್ಟೆಲ್‌ನಲ್ಲಿದ್ದೆ. ಅಜ್ಜಿ ತಾವೇ ಫೋನ್ ಮಾಡಿಸಿದ್ರು. ಮಂಚದ ಮೇಲೆ ಕೂತು ಒಂದು ಕಣ್ಣು ಮುಚ್ಚಿ ಗೋಡೆ ನೋಡೋದು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡೋದು, ಬೆಳಿಗ್ಗೆಯಿಂದ ಇದೇ ಕೆಲಸವಂತೆ.

"ಬಲಗಣ್ಣಲ್ಲಿ ಸುಳಿ ಕಣೋ," ಅಂದ್ರು. "ಎಡಗಣ್ಣಲ್ಲಿ ಒಣಗಿದ ಎಲೆ. ನಡುಮನೆಗೆ ಬಣ್ಣ ಹೊಡೆಸೋದು ಎರಡನೇ ಕಣ್ಣೂ ಆದಮೇಲೆ ಅಂತ ನಿಮ್ಮಪ್ಪಂಗೆ ಹೇಳಿದ್ದೀನಿ. ಆ ಕಾಗದಗಳನ್ನ ಇಟ್ಟಿರು, ಈ ಸಲ ನಾನು ನೋಡ್ತೀನಿ."